ನಾಲಿಗೆಯ ಹಿಂಬದಿಯ ವಾಸನೆ

ಬಾಯಿಯ ದುರ್ವಾಸನೆ ಎದುರಿಗೆ ಕುಳಿತವರಿಗೆಲ್ಲ ತಿಳಿದ ಮೇಲೂ ಆ ಬಾಯಿಯ ಒಡೆಯನಿಗೆ ಮಾತ್ರ ತಿಳಿದಿರುವುದಿಲ್ಲ. ಒಂದೇ ವಾಸನೆ ಹಗಲಿರುಳೂ ತಾಗುತ್ತಿದ್ದರೆ ಮೂಗು ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಪಕ್ಕದಲ್ಲಿ ಕುಳಿತು ಕಾಗದಪತ್ರ ನೋಡುತ್ತಿದ್ದ ಸ್ನೇಹಿತರೊಬ್ಬರು, ನಾನು ಮಾತನಾಡಿದಾಗಲೆಲ್ಲ ಕುರ್ಚಿಯನ್ನು ಇಷ್ಟಿಷ್ಟೇ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ಕಾರಣ ಕೇಳಿದಾಗ ಮೊದಲು ತಡವರಿಸಿ, ಆಮೇಲೆ ನಿಜ ಹೇಳಿದರು. ನಾಚಿಕೆಯಿಂದ ಕುಗ್ಗಿಹೋದೆ.

ಹೊಟ್ಟೆ ಕೆಟ್ಟಿದ್ದರಿಂದಲೇ ಬಾಯಿ ನಾರುತ್ತದೆ ಎಂದು ನಂಬಿದ್ದ ನಾನು ಒಂದು ತಿಂಗಳು ಜೀರ್ಣಕ್ಕೆ ಔಷಧಿ ತೆಗೆದುಕೊಂಡೆ. ಪುದೀನ ಪರಿಮಳದ ಮಾತ್ರೆಗಳನ್ನು ಚೀಪಿದೆ. ಪ್ರಯೋಜನವಾಗಲಿಲ್ಲ. ಕೊನೆಗೆ ಹೋದದ್ದು ದಂತವೈದ್ಯರ ಬಳಿಗೆ. ಅವರು ನನ್ನ ನಾಲಿಗೆಯನ್ನು ಹೊರಚಾಚಿಸಿ, ಅದರ ಹಿಂಬದಿಯನ್ನು ತೆಳುವಾದ ಬಿಳಿ ಬಟ್ಟೆಯ ತುಂಡಿನಿಂದ ಒಮ್ಮೆ ಒರೆಸಿ, ಆ ಬಟ್ಟೆಯನ್ನು ನನ್ನ ಕೈಗೇ ಕೊಟ್ಟು ಮೂಸಿ ನೋಡಲು ಹೇಳಿದರು. ಬಟ್ಟೆಯ ಮೇಲೆ ಹಳದಿ ಬಣ್ಣದ ಅಂಟು ಲೇಪವಿತ್ತು. ವಾಸನೆ ಕೊಳೆತ ಮೊಟ್ಟೆಯದು. ಹೊಟ್ಟೆಯ ಮೇಲೆ ಹೊರಿಸಿದ್ದ ಆರೋಪವನ್ನು ಆ ಕ್ಷಣವೇ ಹಿಂತೆಗೆದುಕೊಂಡೆ.

ಬಹುಪಾಲು ಜನರಲ್ಲಿ ದುರ್ವಾಸನೆ ಹುಟ್ಟುವುದು ಬಾಯಿಯೊಳಗೇ. ನಾಲಿಗೆಯ ಮೇಲ್ಮೈ ನುಣುಪಾಗಿಲ್ಲ. ಅದರ ಸಣ್ಣ ಸಣ್ಣ ಮೊನೆಗಳ ನಡುವೆ, ಅದರಲ್ಲೂ ಗಂಟಲಿನ ಕಡೆಯ ಭಾಗದಲ್ಲಿ, ಆಹಾರದ ಕಣಗಳೂ ಉದುರಿದ ಸತ್ತ ಜೀವಕೋಶಗಳೂ ಸೇರಿಕೊಳ್ಳುತ್ತವೆ. ಆಮ್ಲಜನಕವಿಲ್ಲದ ಇಂಥ ಮೂಲೆಗಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಅಲ್ಲಿನ ಪ್ರೋಟೀನನ್ನು ಒಡೆದಾಗ ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟಾನ್ ಮುಂತಾದ ಗಂಧಕಯುಕ್ತ ಅನಿಲಗಳು ಹೊರಬರುತ್ತವೆ. ವಸಡು ಸಡಿಲಗೊಂಡು ಹಲ್ಲಿನ ಬುಡದಲ್ಲಿ ಸಂದು ಬಿದ್ದಿದ್ದರೆ ಅಲ್ಲಿಯೂ ಇದೇ ಕೆಲಸ ನಡೆಯುತ್ತದೆ. ಬ್ರಷ್ ಮಾಡುವಾಗ ವಸಡಿನಿಂದ ರಕ್ತ ಬರುತ್ತಿದ್ದರೆ ವಾಸನೆಯ ಮೂಲವನ್ನು ಬೇರೆಲ್ಲೋ ಹುಡುಕುವುದಕ್ಕೆ ಮುಂಚೆ ವಸಡನ್ನೇ ತೋರಿಸಿಕೊಳ್ಳಬೇಕು.

ಈ ಬ್ಯಾಕ್ಟೀರಿಯಾಗಳನ್ನು ಹತೋಟಿಯಲ್ಲಿಡುವುದು ಜೊಲ್ಲು. ಅದು ಬಾಯಿಯನ್ನು ಸದಾ ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ತೀರ ಕಡಿಮೆಯಾಗುವುದರಿಂದಲೇ ಬೆಳಗ್ಗೆ ಎದ್ದಾಗ ಎಲ್ಲರ ಬಾಯಿಯೂ ಸ್ವಲ್ಪ ನಾರುತ್ತದೆ. ಇದಕ್ಕೆ ಯಾರೂ ಅಂಜಬೇಕಾಗಿಲ್ಲ. ಆದರೆ ಮೂಗು ಕಟ್ಟಿ ಬಾಯಿಯಿಂದ ಉಸಿರಾಡುವವರಲ್ಲಿ, ನೀರು ಕುಡಿಯದೆ ಗಂಟೆಗಟ್ಟಲೆ ಮಾತನಾಡುವವರಲ್ಲಿ, ಅಲರ್ಜಿಗೋ ಖಿನ್ನತೆಗೋ ಔಷಧಿ ತೆಗೆದುಕೊಳ್ಳುವ ಕೆಲವರಲ್ಲಿ ಹಗಲಿನಲ್ಲೂ ಬಾಯಿ ಒಣಗಿರುತ್ತದೆ. ಔಷಧಿಯಿಂದ ಹೀಗಾಗುತ್ತಿದ್ದರೆ ಅದನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸುವುದು ಸರಿ.

ನನಗೆ ಹೆಚ್ಚು ಫಲ ಕೊಟ್ಟದ್ದು ನಾಲಿಗೆಯನ್ನು ಹೆರೆಯುವ ಅಭ್ಯಾಸ. ಮೊದಲೂ ಹೆರೆಯುತ್ತಿದ್ದೆ, ಆದರೆ ಮುಂಭಾಗವನ್ನು ಮಾತ್ರ, ಅಂದರೆ ಎಲ್ಲಿ ಕೊಳೆ ಕಡಿಮೆಯೋ ಅಲ್ಲಿ. ಟಂಗ್ ಕ್ಲೀನರನ್ನು ಆದಷ್ಟು ಹಿಂದಕ್ಕಿಟ್ಟು, ಒತ್ತದೆ, ಮೆಲ್ಲನೆ ಮುಂದಕ್ಕೆ ಎಳೆಯಬೇಕು. ಮೊದಲ ಕೆಲವು ದಿನ ಓಕರಿಕೆ ಬರುತ್ತದೆ. ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಎಳೆದರೆ ತಡೆದುಕೊಳ್ಳಬಹುದೆಂಬುದು ನನ್ನ ಅನುಭವ. ರಕ್ತ ಬರುವಂತೆ ಕೆರೆಯುವುದು ಶುದ್ಧ ಅವಿವೇಕ. ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ 2 ನಿಮಿಷ ಹಲ್ಲುಜ್ಜುವುದು ಹೇಗೂ ಇದ್ದೇ ಇದೆ. ಆದರೆ ಹಲ್ಲುಗಳ ಸಂದಿಗೆ ಬ್ರಷ್ ಇಳಿಯುವುದಿಲ್ಲ, ಅಲ್ಲಿಗೆ ಫ್ಲಾಸ್ ದಾರವೇ ಬೇಕು. ದವಡೆ ಹಲ್ಲುಗಳ ನಡುವೆ ಎಳೆದ ದಾರವನ್ನು ಒಮ್ಮೆ ಮೂಸಿದವರಿಗೆ ಅದರ ಅಗತ್ಯವನ್ನು ಮತ್ತೆ ವಿವರಿಸಬೇಕಾಗುವುದಿಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿದ್ದವರು ರಾತ್ರಿ ಅದನ್ನು ತೆಗೆದು ಚೆನ್ನಾಗಿ ತೊಳೆದಿಡಬೇಕು.

ಮೌತ್‌ವಾಶ್ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಕೊಳೆಯನ್ನು ಅಲ್ಲೇ ಬಿಟ್ಟು ಮೇಲೆ ಪರಿಮಳ ಚಿಮುಕಿಸಿದರೆ ಸ್ವಲ್ಪ ಹೊತ್ತಷ್ಟೇ ಮರೆಯಾಗುತ್ತದೆ. ಆಲ್ಕೋಹಾಲ್ ಇರುವಂಥದ್ದು ಕೆಲವರ ಬಾಯಿಯನ್ನು ಇನ್ನಷ್ಟು ಒಣಗಿಸಲೂಬಹುದು. ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಾಣುನಾಶಕ ಇರುವ ಮೌತ್‌ವಾಶ್ ಬ್ಯಾಕ್ಟೀರಿಯಾಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದಾದರೂ ಬಹುಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಸುತ್ತದೆ. ಇನ್ನು ಬೆಳ್ಳುಳ್ಳಿಯ ಕಥೆಯೇ ಬೇರೆ: ಅದರ ಒಂದು ಗಂಧಕಾಂಶ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಉಸಿರಿನಲ್ಲಿ ಹೊರಬರುವುದರಿಂದ ಎಷ್ಟು ಉಜ್ಜಿದರೂ ಹಲವು ಗಂಟೆ ಕಾಯಲೇಬೇಕು.

ಬಾಯಿ ಸ್ವಚ್ಛವಾಗಿದ್ದೂ ವಾಸನೆ ಹೋಗದಿದ್ದರೆ ಟಾನ್ಸಿಲ್ ಕುಳಿಗಳಲ್ಲಿ ಕಟ್ಟುವ ಬಿಳಿ ಹರಳುಗಳು, ಸೈನಸ್ ಸೋಂಕು ಮುಂತಾದವನ್ನು ನೋಡಬೇಕಾಗುತ್ತದೆ. ಮಧುಮೇಹಿಯ ಉಸಿರಿನಲ್ಲಿ ಮಾಗಿದ ಹಣ್ಣಿನಂಥ ವಾಸನೆಯೂ ಜೊತೆಗೆ ವಾಂತಿ, ವಿಪರೀತ ಸುಸ್ತೂ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಗುವಿನ ಒಂದೇ ಮೂಗಿನ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಮಣಿಯೋ ಬೀಜವೋ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು.

ವಾಸನೆಯೇ ಇಲ್ಲದೆ, ಇದೆಯೆಂದು ಕೊರಗಿ ಬಾಯಿಗೆ ಕೈ ಅಡ್ಡ ಹಿಡಿದು ಮಾತನಾಡುವವರೂ ಇದ್ದಾರೆ. ಅಂಗೈಗೆ ಊದಿ ಮೂಸಿದರೆ ನಿಜ ತಿಳಿಯುವುದಿಲ್ಲ. ಮುಲಾಜಿಲ್ಲದೆ ಹೇಳುವ ಒಬ್ಬರನ್ನು ನೇರವಾಗಿ ಕೇಳಬೇಕು. ನಾನು ಈಗಲೂ ಕೇಳುವುದು ಆ ಕುರ್ಚಿಯ ಸ್ನೇಹಿತರನ್ನೇ.