ಘಟಕ ಬರೆಯದ ಉತ್ತರ

ಮುಂಬಯಿಯ ಕೋಟೆ ಪ್ರದೇಶದ ನಮ್ಮ ಕನ್ನಡ ರಾತ್ರಿಶಾಲೆಯಲ್ಲಿ ಗಣಿತದ ಮೇಷ್ಟ್ರಿಗೆ ಒಂದು ಹಟವಿತ್ತು. ಲೆಕ್ಕ ಸರಿಯಿದ್ದರೂ ಉತ್ತರದ ಮುಂದೆ ಘಟಕ ಬರೆಯದಿದ್ದರೆ ಅಂಕವಿಲ್ಲ. "ನಲವತ್ತು ಅಂದ್ರೆ ನಲವತ್ತು ಏನು? ಲೀಟರೋ, ಕತ್ತೆಯೋ?" ಎನ್ನುತ್ತಿದ್ದರು. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ತೂಕಡಿಸುತ್ತಿದ್ದ ತರಗತಿ ಆ ಮಾತಿಗೆ ಎಚ್ಚರವಾಗುತ್ತಿತ್ತು. ಅಗ್ನಿಶಾಮಕ ದಳದ ಹಿರಿಯ ಅಧಿಕಾರಿಯ ಕೆಲಸವೇನು, ಅದಕ್ಕೆ ಏನು ಓದಿರಬೇಕು ಎಂದು ಈಗಿನ ಮಕ್ಕಳಿಗಾಗಿ ಬರೆಯಿರಿ ಎಂದು ಸಂಚಿಕೆಯವರು ಕೇಳಿದಾಗ ಮೊದಲು ನೆನಪಾದದ್ದು ಅದೇ ಮಾತು.

ಊರಿನಿಂದ ಬಂದವರಿಗೆ ಒಂದು ವ್ಯತ್ಯಾಸ ಮೊದಲೇ ತಿಳಿದಿರಲಿ. ಕರ್ನಾಟಕದಲ್ಲಿ ಅಗ್ನಿಶಾಮಕ ದಳ ರಾಜ್ಯ ಸರಕಾರದ ಇಲಾಖೆ. ಬೆಂಗಳೂರಿನಲ್ಲೂ ಅದು ಪಾಲಿಕೆಯ ಕೈಯಲ್ಲಿಲ್ಲ. ಮುಂಬಯಿಯಲ್ಲಿ ಹಾಗಲ್ಲ. ಬೈಖಲಾದಲ್ಲಿ ಮುಖ್ಯ ಕಚೇರಿಯಿರುವ ಈ ದಳ ಮಹಾನಗರಪಾಲಿಕೆಯದ್ದು. ಮರಾಠಿಯಲ್ಲಿ ಜನ 'ಬಂಬ್' ಎಂದು ಕರೆಯುವ ಕೆಂಪು ಗಾಡಿಯಲ್ಲಿ ಬರುವವರಿಗೂ, ಕಸದ ಗಾಡಿಯಲ್ಲಿ ಬರುವವರಿಗೂ ಸಂಬಳ ಕೊಡುವುದು ಒಂದೇ ಪಾಲಿಕೆ. ಹಾಗಾಗಿ ಇಲ್ಲಿನ ಹಿರಿಯ ಅಧಿಕಾರಿಗೆ ಬೆಂಕಿಯಷ್ಟೇ ಕಟ್ಟಡದ ನಕ್ಷೆಗಳೂ ಗಂಟುಬಿದ್ದಿರುತ್ತವೆ.

ಹಿರಿಯ ಅಧಿಕಾರಿ ಎಂದರೆ ಎಲ್ಲರಿಗಿಂತ ಮುಂದೆ ಹೊಗೆಯೊಳಗೆ ನುಗ್ಗುವವನು ಎಂದು ಜನ ತಿಳಿದಿರುತ್ತಾರೆ. ಅವನು ನಿಲ್ಲಬೇಕಾದ ಜಾಗ ಹೊರಗೆ. ಒಳಗೆ ಹೋದವರು ಎಷ್ಟು ಮಂದಿ, ಯಾವ ಮೆಟ್ಟಿಲಿನಿಂದ ಹೋದರು, ಅವರ ಬೆನ್ನಿನ ಗಾಳಿ ಇನ್ನೆಷ್ಟು ನಿಮಿಷ ಬರುತ್ತದೆ ಎಂಬುದು ಅವನಿಗೆ ಗೊತ್ತಿರಬೇಕು. ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸೆಟ್ಟಿನಲ್ಲಿ ಸಾಮಾನ್ಯವಾಗಿ 6 ಲೀಟರಿನ ಸಿಲಿಂಡರ್, ಅದರಲ್ಲಿ 300 ಬಾರ್ ಒತ್ತಡದ ಗಾಳಿ. (ಇದು ನಮ್ಮ ಹೋಟೆಲಿನವರ ಬಾರ್ ಅಲ್ಲ.) ಗುಣಿಸಿದರೆ ಸುಮಾರು 1800 ಲೀಟರ್. ನಿಮಿಷಕ್ಕೆ 40 ಲೀಟರ್ ಉಸಿರಾಡಿದರೆ 45 ನಿಮಿಷ ಎಂದು ಕಾಗದ ಹೇಳುತ್ತದೆ. ನೀರು ತುಂಬಿದ ಹೋಸ್ ಎಳೆಯುತ್ತ ಮೆಟ್ಟಿಲು ಹತ್ತುವವನು 40ಕ್ಕೆ ನಿಲ್ಲುವುದಿಲ್ಲ; 60 ಆಗುತ್ತದೆ, 80 ಕೂಡ ಆಗುತ್ತದೆ.

ಈಗ ಮೇಷ್ಟ್ರ ಲೆಕ್ಕ. 300 ಬಾರ್ ಇರುವಾಗ ಒಳಹೊಕ್ಕವನು ಬೆಂಕಿಯ ಜಾಗ ತಲುಪುವಾಗ ಮಾಪಕ 220 ತೋರಿಸಿದರೆ ಹೋಗಲು 80 ಬಾರ್ ಖರ್ಚಾಗಿದೆ. ಬರಲೂ 80 ಬೇಕು. ಗಾಳಿ ಮುಗಿಯುತ್ತಿದೆ ಎಂದು ಸೆಟ್ಟಿನ ಎಚ್ಚರಿಕೆಯ ಸೀಟಿ ಊದುವುದು 55 ಬಾರಿನ ಆಸುಪಾಸಿನಲ್ಲಿ, ಅದನ್ನು ಮುಟ್ಟಬಾರದು. ಅಂದರೆ 135ಕ್ಕೆ ಹಿಂದೆ ತಿರುಗಬೇಕು. ನಡುವೆ ಉಳಿಯುವುದು 85 ಬಾರ್, 6 ಲೀಟರಿನ ಸಿಲಿಂಡರಿಗೆ ಗುಣಿಸಿದರೆ 510 ಲೀಟರ್. ನಿಮಿಷಕ್ಕೆ 60 ಲೀಟರಿನ ಲೆಕ್ಕದಲ್ಲಿ ಎಂಟೂವರೆ ನಿಮಿಷ. 45 ನಿಮಿಷದ ಸಿಲಿಂಡರಿನಲ್ಲಿ ನಿಜವಾದ ಕೆಲಸಕ್ಕೆ ಸಿಗುವ ಹೊತ್ತು ಅಷ್ಟೇ. ಸೀಟಿ ಊದಿದ ಮೇಲೆ ಹೊರಟರಾಯಿತು ಎಂಬುದು ಹೊಸಬರ ತಪ್ಪು. ಹೊರಗೆ ಫಲಕದ ಮೇಲೆ ಹೆಸರು, ಹೊಕ್ಕ ಹೊತ್ತು, ಒತ್ತಡ ಬರೆದುಕೊಂಡು ನಿಂತವನು ರೇಡಿಯೊದಲ್ಲಿ ಕೂಗಿ ಕರೆಯದಿದ್ದರೆ ಅದು ಅವನ ತಪ್ಪು, ಅವನ ಮೇಲಿನವನ ತಪ್ಪು.

ಇನ್ನೊಂದು ಲೆಕ್ಕ ನೀರಿನದು. ಪ್ರತಿ 10 ಮೀಟರ್ ಎತ್ತರಕ್ಕೆ 1 ಬಾರ್ ಕಳೆಯುತ್ತದೆ. ನೆಲದಲ್ಲಿ 7 ಬಾರ್ ಕೊಟ್ಟರೆ 70 ಮೀಟರ್ ಎತ್ತರದಲ್ಲಿ ನೀರು ಇಣುಕಿ ನೋಡುತ್ತದೆ, ಚಿಮ್ಮುವುದಿಲ್ಲ. ಅದಕ್ಕೇ ಎತ್ತರದ ಕಟ್ಟಡದೊಳಗೆ ಅದರದ್ದೇ ಪಂಪು, ವೆಟ್ ರೈಸರ್ (ಸದಾ ನೀರು ತುಂಬಿರುವ, ಮಹಡಿಗಳಿಗೆ ಏರುವ ಪೈಪು) ಇರಬೇಕು. ಅತಿ ದೂರದ ಮೇಲಿನ ಕವಾಟದಲ್ಲೂ (ವಾಲ್ವ್) 3.5 ಬಾರ್ ಸಿಗಬೇಕು. ಹಳೆಯ ಕಟ್ಟಡದಲ್ಲಿ ತೊಂದರೆ ತಿರುಗುಮುರುಗು. ಒಂದು ಜೆಟ್ಟಿನಿಂದ ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಗಂಟೆಗೆ 27 ಟನ್. ಕೆಳಗೆ ಹರಿದುಹೋಗದಷ್ಟೂ ನೀರಿನ ಭಾರ ಮರದ ತೊಲೆಯ ಮೇಲೆ ಕೂರುತ್ತದೆ. ಅಲ್ಲಿ ಬಟ್ಟೆಯ ಗಂಟುಗಳಿದ್ದರೆ ಅವು ನೀರು ಕುಡಿದು ಇನ್ನಷ್ಟು ಭಾರವಾಗುತ್ತವೆ. ಬಲಕ್ಕೆಂದು ಹಾಕಿದ ಉಕ್ಕಿನ ತೊಲೆಯೂ ಸುಮಾರು 550 ಡಿಗ್ರಿ ಸೆಲ್ಸಿಯಸ್ಸಿಗೆ ಅರ್ಧದಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಬೆಂಕಿ ಕಡಿಮೆಯಾದಂತೆ ಕಾಣುವ ಹೊತ್ತೇ ಕುಸಿಯುವ ಹೊತ್ತು. 2015ರ ಮೇ ತಿಂಗಳಿನಲ್ಲಿ ಕಾಲಬಾದೇವಿಯ ಹಳೆಯ ಕಟ್ಟಡವೊಂದರ ಬೆಂಕಿಯಲ್ಲಿ ಈ ದಳ ಕಳೆದುಕೊಂಡದ್ದು ನಾಲ್ವರು ಅಧಿಕಾರಿಗಳನ್ನು. ದಳದ ಆಗಿನ ಮುಖ್ಯಸ್ಥ, ಚೀಫ್ ಫೈರ್ ಆಫೀಸರ್ ಸುನಿಲ್ ನೇಸರೀಕರ್ ಅವರಲ್ಲಿ ಒಬ್ಬರು.

1944ರ ಏಪ್ರಿಲ್ 14ರ ದುರಂತ ನಮ್ಮ ಶಾಲೆಗೆ ಹತ್ತಿರದಲ್ಲೇ ನಡೆದದ್ದು, ಡಾಕ್ (ಹಡಗುಕಟ್ಟೆ) ನಮ್ಮಿಂದ ದೂರವಿಲ್ಲ. ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಸಿಡಿಮದ್ದಿನ ಜೊತೆಗೇ ಹತ್ತಿಯ ಬೇಲುಗಳನ್ನೂ ತುಂಬಿದ್ದರು. ಮಧ್ಯಾಹ್ನ ಹೊಗೆ ಕಂಡಿತು, ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿಯಿತು. ನಡುವಿನ ಹೊತ್ತಿನಲ್ಲಿ ಹಡಗನ್ನು ಮುಳುಗಿಸಬೇಕೋ ಹೊರಗೆ ಎಳೆಯಬೇಕೋ ಎಂದು ತೀರ್ಮಾನಿಸಿ ಆಜ್ಞೆ ಕೊಡುವ ಒಬ್ಬ ಮೇಲಧಿಕಾರಿ ಅಲ್ಲಿರಲಿಲ್ಲ. ದಳದ 66 ಮಂದಿ ಸತ್ತರು. ಪ್ರತಿ ವರ್ಷ ಆ ದಿನದಿಂದ ಅಗ್ನಿಶಾಮಕ ಸಪ್ತಾಹ. ಭಾಷಣಗಳಲ್ಲಿ ತ್ಯಾಗದ ಮಾತು ಬೇಕಾದಷ್ಟು ಬರುತ್ತದೆ, ಯಾರ ಮಾತು ಕೊನೆಯದು ಎಂಬ ಪ್ರಶ್ನೆ ಬರುವುದು ಕಡಿಮೆ. ಈಗ ಬೆಂಕಿ ದೊಡ್ಡದಾದಂತೆ ಲೆವೆಲ್ 1, 2, 3 ಎಂದು ಏರಿಸುತ್ತಾ ಘೋಷಿಸುತ್ತಾರೆ. ಲೆವೆಲ್ ಏರಿದಷ್ಟೂ ಹೆಚ್ಚು ಗಾಡಿ, ಹೆಚ್ಚು ಹಿರಿಯ ಅಧಿಕಾರಿ. ಸಂಕೋಚದಿಂದ ಲೆವೆಲ್ ಏರಿಸಲು ತಡಮಾಡುವ ಅಧಿಕಾರಿಗಿಂತ ಬೇಗ ಏರಿಸಿ ಗಾಡಿಗಳನ್ನು ವಾಪಸು ಕಳಿಸುವವನೇ ವಾಸಿ.

ಬೆಂಕಿಯಿಲ್ಲದ ದಿನಗಳಲ್ಲಿ ಕೆಲಸ ಕಡತದ್ದು. ಕಟ್ಟಡದ ನಕ್ಷೆ ಒಪ್ಪಿಗೆಗೆ ಬಂದರೆ ಮೊದಲು ನೋಡುವುದು ಗಾಡಿ ಒಳಗೆ ಬರುತ್ತದೆಯೇ, ತಿರುಗುತ್ತದೆಯೇ, ಅದರ ಭಾರವನ್ನು ಅಂಗಳ ತಡೆಯುತ್ತದೆಯೇ ಎಂದು. ದಳದ ಬಳಿ 90 ಮೀಟರಿನ ಏಣಿಗಾಡಿ ಇದೆ. ಅದರ ನಾಲ್ಕು ಕಾಲುಗಳನ್ನು ಊರಲು ಜಾಗವಿಲ್ಲದ ಗಲ್ಲಿಯಲ್ಲಿ ಅದು ಇದ್ದೂ ಇಲ್ಲದಂತೆ. ಮಹಾರಾಷ್ಟ್ರದ 2006ರ ಕಾಯಿದೆಯ ಪ್ರಕಾರ ಕಟ್ಟಡದ ಅಗ್ನಿರಕ್ಷಣೆಯ ಹೊಣೆ ಮಾಲೀಕರದ್ದು ಅಥವಾ ವಾಸಿಸುವವರದ್ದು. ಪ್ರತಿ ಜನವರಿ, ಜುಲೈಗಳಲ್ಲಿ ಅಗ್ನಿರಕ್ಷಣೆಯ ಸಲಕರಣೆ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರ 'ಫಾರ್ಮ್ ಬಿ'ಯನ್ನು ಪರವಾನಗಿ ಪಡೆದ ಏಜೆನ್ಸಿಯಿಂದ ಕೊಡಿಸಬೇಕು. ನೋಟಿಸು ಕೊಡುವ, ಬಗ್ಗದಿದ್ದರೆ ನೀರು ಮತ್ತು ವಿದ್ಯುತ್ ಕಡಿಸುವ ಅಧಿಕಾರ ದಳಕ್ಕಿದೆ.

ಫಾರ್ಮ್ ಸರಿಯಿದ್ದ ಮಾತ್ರಕ್ಕೆ ಪಂಪು ಸರಿಯಿದೆ ಎಂದಲ್ಲ. ಎಲ್ಲೋ ಒಂದು ಕವಾಟ ಸೋರುತ್ತಿರುತ್ತದೆ, ಒತ್ತಡ ಇಳಿದಾಗಲೆಲ್ಲ ಪೈಪಿನ ಒತ್ತಡ ಕಾಯುವ ಚಿಕ್ಕ ಪಂಪು, ಅಂದರೆ ಜಾಕಿ ಪಂಪು, ತಾನಾಗಿ ಶುರುವಾಗುತ್ತದೆ, ರಾತ್ರಿ ಸದ್ದು ತಾಳಲಾರದೆ ವಾಚ್‌ಮನ್ ಸ್ವಿಚ್ಚನ್ನು ಆಟೋದಿಂದ ಮ್ಯಾನುವಲ್‌ಗೆ ತಿರುಗಿಸುತ್ತಾನೆ. ಬೆಂಕಿ ಬಿದ್ದ ದಿನ ಪೈಪಿನಲ್ಲಿ ಒತ್ತಡವಿಲ್ಲ. ಡೀಸೆಲ್ ಪಂಪಿನ ಬ್ಯಾಟರಿ ಸತ್ತಿರುತ್ತದೆ. ವಿದ್ಯುತ್ ತಂತಿಗಳ ಡಕ್ಟನ್ನು ಮಹಡಿ ಮಹಡಿಗೆ ಮುಚ್ಚದೆ ಬಿಟ್ಟಿದ್ದರೆ ಅದೇ ಚಿಮಣಿಯಾಗಿ, ಕೆಳಗಿನ ವಿದ್ಯುತ್ ಮೀಟರಿಗೆ ಹತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಯಲ್ಲಿ ಮಲಗಿದವರನ್ನು ಕೊಲ್ಲುತ್ತದೆ. ಮೆಟ್ಟಿಲಿನ ಅಗ್ನಿನಿರೋಧಕ ಬಾಗಿಲಿಗೆ ತುಳಸಿ ಕುಂಡ ಅಡ್ಡ ಇಟ್ಟು ಗಾಳಿಗೆ ತೆರೆದಿಡುವವರೂ ಇದ್ದಾರೆ. ತಪಾಸಣೆಗೆ ಹೋದ ಅಧಿಕಾರಿ ಫಾರ್ಮ್ ಓದುವ ಮೊದಲು ಒಂದು ಕವಾಟ ತಿರುಗಿಸಿ, ಪಂಪು ತಾನಾಗಿ ಎದ್ದಿತೇ ಎಂದು ಕಿವಿಗೊಡಬೇಕು.

ಓದಿನ ವಿಷಯ. ಅಧಿಕಾರಿಯ ಸಾಲಿಗೆ ಬರಲು ಪದವಿ ಬೇಕು, ಭೌತ-ರಸಾಯನ ಇದ್ದರೆ ಒಳ್ಳೆಯದು. ಮುಖ್ಯ ತರಬೇತಿ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ: ಸಬ್ ಆಫೀಸರ್ ಕೋರ್ಸು, ಸ್ಟೇಷನ್ ಆಫೀಸರ್ ಕೋರ್ಸು, ಮೇಲೇರುವವರಿಗೆ ಡಿವಿಜನಲ್ ಆಫೀಸರ್ ಕೋರ್ಸು. ಅಲ್ಲೇ ಫೈರ್ ಎಂಜಿನಿಯರಿಂಗ್ ಪದವಿ ಕೂಡ ಇದೆ. ಕರ್ನಾಟಕದ ಇಲಾಖೆಯವರಿಗೆ ಬೆಂಗಳೂರಿನಲ್ಲಿ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ. ಮುಂಬಯಿಯಲ್ಲಿ ಸ್ಟೇಷನ್ ಆಫೀಸರ್ ಆದವನು ಎ.ಡಿ.ಎಫ್.ಒ. (ಅಸಿಸ್ಟೆಂಟ್ ಡಿವಿಜನಲ್ ಫೈರ್ ಆಫೀಸರ್), ಡಿ.ಎಫ್.ಒ. (ಡಿವಿಜನಲ್ ಫೈರ್ ಆಫೀಸರ್), ಡೆಪ್ಯುಟಿ ಚೀಫ್ ಎಂದು ಹತ್ತುತ್ತಾ ಚೀಫ್ ಆಗುವ ಹೊತ್ತಿಗೆ ತಲೆ ನರೆತಿರುತ್ತದೆ. ಯಾವ ಮೆಟ್ಟಿಲಿಗೆ ಎಷ್ಟು ವರ್ಷದ ಸೇವೆ ಎಂಬುದು ಆಯಾ ಪಾಲಿಕೆಯ ನೇಮಕಾತಿ ನಿಯಮದಲ್ಲಿರುತ್ತದೆ. ಜಾಹೀರಾತನ್ನು ಪೂರ್ತಿ ಓದಿ.

ನಾಗಪುರಕ್ಕೆ ಅರ್ಜಿ ಹಾಕುವ ಹುಡುಗರಿಗೆ ಎತ್ತರ 165 ಸೆಂಟಿಮೀಟರ್ ಬೇಕು, ಎದೆ 81, ಉಬ್ಬಿಸಿದಾಗ 5 ಹೆಚ್ಚು. ಹುಡುಗಿಯರಿಗೆ ಅಳತೆ ಬೇರೆ. ಕನ್ನಡಕವಿಲ್ಲದೆ 6/6 ದೃಷ್ಟಿಯಿರಬೇಕು, ಬಣ್ಣಗುರುಡು ಇರಕೂಡದು. ಹೊಗೆಯ ಬಣ್ಣ, ಗ್ಯಾಸ್ ಸಿಲಿಂಡರಿನ ಮೇಲಿನ ಪಟ್ಟಿ, ರಾಸಾಯನಿಕ ಟ್ಯಾಂಕರಿನ ಫಲಕ, ಎಲ್ಲವನ್ನೂ ಬಣ್ಣದಿಂದಲೇ ಗುರುತಿಸಬೇಕು. ಈ ದೋಷ ಇರುವವರಿಗೇ ತಿಳಿದಿರುವುದಿಲ್ಲ, ಕೊನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಹೊರಬೀಳುತ್ತಾರೆ. ಅರ್ಜಿ ತುಂಬುವ ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ, ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ ಎಂದು ಕೇಳಿ. ಹತ್ತು ನಿಮಿಷದ ಕೆಲಸ.