ಬಂದರು ಬಾಡಿಗೆಗೆ ದೋಣಿಯ ಉದ್ದವೇ ಲೆಕ್ಕ

‘ಯಾಟ್‌ನಲ್ಲಿ ಹೋಗಿದ್ದೆ’ ಅಂದರೆ ಊರಿನವರ ಕಣ್ಮುಂದೆ ಬರುವುದು ಸಿನಿಮಾದ ಬಿಳಿ ಹಡಗು. ಡೆನ್ಮಾರ್ಕಿನಲ್ಲಿ ಶಾಲೆಯ ಮೇಷ್ಟ್ರು, ನರ್ಸು, ನಿವೃತ್ತ ಬಡಗಿ ಇಂಥವರ ಹತ್ತಿರವೂ ಹಳೇ ಹಾಯಿದೋಣಿ ಇರುತ್ತದೆ. ನನ್ನ ಸಹೋದ್ಯೋಗಿಯದು ಹತ್ತು ಮೀಟರಿಗಿಂತ ಒಂದು ಗೇಣು ಹೆಚ್ಚು. ಆ ಒಂದು ಗೇಣೇ ಇಲ್ಲಿ ವಿಷಯ.

ಜುಲೈನಲ್ಲಿ ಹೆಲ್ಸಿಂಗೊರ್ ಬಂದರಿಗೆ ಹೋದೆವು. ಒಳಗೆ ಬರುವಾಗ ನೋಡಬೇಕಾದದ್ದು ದೋಣಿ ನಿಲ್ಲಿಸುವ ಪ್ರತಿ ಜಾಗದ ಮುಂದಿರುವ ಪುಟ್ಟ ಫಲಕ. ಕೆಂಪಿದ್ದರೆ ಅದರ ಯಜಮಾನ ಇಂದೇ ವಾಪಸಾಗುತ್ತಾನೆ, ಮುಂದೆ ಹೋಗಿ. ಹಸಿರಿದ್ದರೆ ಅವನೂ ಎಲ್ಲೋ ತಿರುಗಾಟಕ್ಕೆ ಹೋಗಿದ್ದಾನೆ, ಇಂದು ಜಾಗ ನಿಮ್ಮದು. ನೀರಲ್ಲಿ ನೆಟ್ಟ ಎರಡು ಕಂಬಗಳ ನಡುವೆ ದೋಣಿ ತೂರಿಸಿ, ಹಿಂದಿನ ಹಗ್ಗಗಳನ್ನು ಕಂಬಕ್ಕೆ ಹಾಕಿ, ಮೂತಿಯನ್ನು ಕಟ್ಟೆಗೆ ಬಿಗಿಯಬೇಕು. ಅಡ್ಡಗಾಳಿ ಇದ್ದರೆ ಅಕ್ಕಪಕ್ಕದ ದೋಣಿಯವರೆಲ್ಲ ಕಾಫಿ ಕಪ್ ಹಿಡಿದು ತಮಾಷೆ ನೋಡಲು ಬಂದುಬಿಡುತ್ತಾರೆ. ಹಗ್ಗ ಹಿಡಿಯಲು ಕೈಯನ್ನೂ ಕೊಡುತ್ತಾರೆ, ಅದು ಬೇರೆ ಮಾತು.

ಹಣ ಕೇಳಲು ಯಾರೂ ಬರುವುದಿಲ್ಲ. ನಾವೇ ಯಂತ್ರದ ಹತ್ತಿರ ಹೋಗಿ ಉದ್ದ ಒತ್ತಿ, ಕಾರ್ಡ್ ತೋರಿಸಿದರೆ ತಾರೀಖಿರುವ ಚೀಟಿ ಬರುತ್ತದೆ. ಅದನ್ನು ದೋಣಿಯ ಮುಂಭಾಗಕ್ಕೆ ಅಂಟಿಸಬೇಕು. ಇಂಥ ದೋಣಿಗೆ ರಾತ್ರಿಗೆ ಸುಮಾರು 200 ಕ್ರೋನರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಆ ದುಡ್ಡಿಗೆ ಇಲ್ಲಿ ಲಾಡ್ಜ್ ರೂಮಿನ ಬಾಗಿಲೂ ತೆರೆಯದು. ಕರೆಂಟು, ಸ್ನಾನದ ಬಿಸಿನೀರಿಗೆ ಹಲವು ಕಡೆ ಬೇರೆ ಕಾರ್ಡ್. ಹತ್ತು ಮೀಟರ್ ದಾಟಿದರೆ ದರ ಮೇಲಕ್ಕೆ ಜಿಗಿಯುತ್ತದೆ. ‘ಒಂದು ಗೇಣನ್ನು ಯಾರು ಅಳೆಯುತ್ತಾರೆ?’ ಅಂದೆ. ಸಹೋದ್ಯೋಗಿ ನಕ್ಕು ಮೇಲಿನ ದರವನ್ನೇ ಒತ್ತಿ, ಆಚೆ ಕಾಣುತ್ತಿದ್ದ ಕ್ರೋನ್‌ಬೋರ್ಗ್ ಕೋಟೆಯತ್ತ ಕೈ ತೋರಿಸಿದರು.

ಕತೆ ಇದು. ಸ್ವೀಡನ್ನಿಗೂ ಡೆನ್ಮಾರ್ಕಿಗೂ ನಡುವೆ ಸಮುದ್ರ ಇಲ್ಲಿ ನಾಲ್ಕೇ ಕಿಲೋಮೀಟರ್ ಅಗಲ. 1429ರಿಂದ ಈ ಕಿರುದಾರಿಯಲ್ಲಿ ಹೋಗುವ ಹಡಗುಗಳನ್ನು ನಿಲ್ಲಿಸಿ ಡೆನ್ಮಾರ್ಕಿನ ರಾಜರು ಸುಂಕ ವಸೂಲಿ ಮಾಡುತ್ತಿದ್ದರು. ನಿಲ್ಲದವರಿಗೆ ಕೋಟೆಯ ಫಿರಂಗಿ. ಮೊದಲು ಹಡಗಿಗೆ ಇಷ್ಟು ಅಂತಿತ್ತು, 1567ರಿಂದ ಸರಕಿನ ಮೇಲೂ ಬಿತ್ತು. ಮುಂದೆ ಬೆಲೆಯ ಮೇಲೆ ಸುಂಕ ಹಾಕುವಾಗ, ಸರಕಿನ ಬೆಲೆ ಹೇಳುವವನು ಕಪ್ತಾನನೇ. ಕಡಿಮೆ ಹೇಳಿದರೆ? ಅದೇ ಬೆಲೆಗೆ ಅಷ್ಟೂ ಸರಕನ್ನು ಕೊಂಡುಕೊಳ್ಳುವ ಹಕ್ಕು ರಾಜನಿಗಿತ್ತು! ಹೆಚ್ಚು ಹೇಳಿದರೆ ಸುಂಕ ಹೆಚ್ಚು. ಇಷ್ಟು ಜಾಣ ಸುಂಕದಕಟ್ಟೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ದೇಶದೇಶಗಳು ಸೇರಿ ಪರಿಹಾರ ಕೊಟ್ಟು 1857ರಲ್ಲಿ ಇದನ್ನು ನಿಲ್ಲಿಸಿದವು.

‘ಉದ್ದ ಕಡಿಮೆ ಹೇಳಿ, ಆ ಲೆಕ್ಕದ ಬೆಲೆಗೇ ನನ್ನ ದೋಣಿಯನ್ನು ಯಾರಾದರೂ ಕೊಂಡುಬಿಟ್ಟರೆ?’ ಅಂದರು ಸಹೋದ್ಯೋಗಿ.

ಈಗಿನ ತಪಾಸಣೆ ಇಷ್ಟೇ: ಬಂದರಿನ ಮೇಲ್ವಿಚಾರಕರು ಕಟ್ಟೆಯುದ್ದಕ್ಕೂ ನಡೆದು ಚೀಟಿ ನೋಡುತ್ತಾರೆ. ಚೀಟಿ ಇಲ್ಲದಿದ್ದರೆ ದಂಡ. ಗಾಳಿ ಹೆಚ್ಚಿತ್ತು, ತಡವಾಯಿತು ಅಂದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.

ದುಡ್ಡೇ ಕೊಡಬಾರದು ಅಂದರೆ ಅದಕ್ಕೂ ದಾರಿಯಿದೆ. ಸ್ವೀಡನ್ನಿನಲ್ಲಿ ನಿಸರ್ಗದಲ್ಲಿ ಓಡಾಡುವ ಸಾರ್ವಜನಿಕ ಹಕ್ಕು 1994ರಿಂದ ಸಂವಿಧಾನದಲ್ಲೇ ಇದೆ. ಮನೆಗಳಿಂದ ದೂರ, ನಿಷೇಧ ಇಲ್ಲದ ಕಡೆ ಒಂದೆರಡು ರಾತ್ರಿ ಲಂಗರು ಹಾಕಬಹುದು. ಬಿಸಿನೀರಿನ ಸ್ನಾನ ಬೇಕೆನಿಸಿತೋ, ಮತ್ತೆ ಬಂದರಿಗೆ ಬಂದು ಯಂತ್ರದ ಮುಂದೆ ನಿಲ್ಲಬೇಕು.