ಮಡಚುವ ಸೈಕಲ್: ಖರೀದಿ ಮುಗಿಯಿತು, ಗೇರ್ ಇಳಿಸಿ ಹಿಂಜ್ ಬಿಗಿ ಮಾಡಿದ್ದಾಯಿತು

ಗುರಿ ಸರಳ. ಮೆಟ್ರೊದಲ್ಲಿ ಹೋಗಿ ಇಳಿದು, ಭಾನುವಾರ ವಾಹನಗಳಿಲ್ಲದ ಕಬ್ಬನ್ ಪಾರ್ಕಿನಲ್ಲಿ ಆರಾಮವಾಗಿ ತುಳಿಯಬೇಕು. ನಮ್ಮ ಮೆಟ್ರೊದಲ್ಲಿ ಪೂರ್ತಿ ಮಡಚಿದ ಸೈಕಲ್ ಒಯ್ಯಬಹುದು, ತೂಕ 15 ಕೆ.ಜಿ. ದಾಟಬಾರದು. ಕೊಳ್ಳುವ ಮುನ್ನ ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡ್ ಎಲ್ಲ ಸೇರಿಸಿಯೇ ತೂಗಿಸಬೇಕು.

ಚಕ್ರ

‘20 ಇಂಚು’ ಎಂದಷ್ಟೇ ಕೇಳಿದರೆ ಸಾಲದು. ಟೈರಿನ ಪಕ್ಕದಲ್ಲಿ 406 ಅಥವಾ 451 ಎಂದು ಅಚ್ಚಾಗಿರುತ್ತದೆ. ಅದು ರಿಮ್‌ನಲ್ಲಿ ಟೈರು ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ಒಂದರ ಟೈರು ಇನ್ನೊಂದರ ರಿಮ್‌ಗೆ ಕೂರುವುದಿಲ್ಲ. 406 ಆದರೆ ಮಕ್ಕಳ ಸೈಕಲ್ಲಿನ 20×1.75 ಟ್ಯೂಬೇ ಸಾಕು, ಬಡಾವಣೆಯ ಸೈಕಲ್ ಶಾಪ್‌ನಲ್ಲೂ ಸಿಗುತ್ತದೆ. 16 ಇಂಚಿನಲ್ಲೂ ಇದೇ ಗೊಂದಲ: 305 ಒಂದು, ಬ್ರಾಂಪ್ಟನ್ ಕಂಪನಿ ಬಳಸುವ 349 ಇನ್ನೊಂದು. 16 ಇಂಚು ಚಿಕ್ಕದಾಗಿ ಮಡಚುತ್ತದೆ, ಆದರೆ ಗುಂಡಿಗೆ ಬಿದ್ದರೆ ಏಟು ನೇರ ಕೈಗೆ. ನಮ್ಮ ರಸ್ತೆ ನೋಡಿಕೊಂಡು 406ರ, 7 ಗೇರಿನ ಸೈಕಲ್ ಆರಿಸಿದ್ದು.

ಗೇರ್

ಮುಂದಿನ ಹಲ್ಲುಚಕ್ರದಲ್ಲಿ (ಚೈನ್‌ರಿಂಗ್) 52 ಹಲ್ಲು, ಹಿಂದಿನವುಗಳಲ್ಲಿ 14ರಿಂದ 28. ಈ ಟೈರಿನ ಸುತ್ತಳತೆ ಸುಮಾರು 1.515 ಮೀಟರ್. ಅತಿ ಹಗುರ ಗೇರಿನಲ್ಲೂ ಪೆಡಲಿನ ಒಂದು ಸುತ್ತಿಗೆ ಸೈಕಲ್ 2.81 ಮೀಟರ್ ಹೋಗಬೇಕು. ಫ್ಲೈಓವರ್ ಏರಿನಲ್ಲಿ ಮಂಡಿಗೆ ಇದು ಭಾರ. 46 ಹಲ್ಲಿನ ಚೈನ್‌ರಿಂಗ್ ಹಾಕಿದ ಮೇಲೆ 2.49 ಮೀಟರಿಗೆ ಇಳಿಯಿತು. ಅತಿ ವೇಗದ ಗೇರಿನಲ್ಲಿ ಪೆಡಲಿನ ನಿಮಿಷಕ್ಕೆ 60 ಸುತ್ತಿನಲ್ಲಿ ಗಂಟೆಗೆ 18 ಕಿ.ಮೀ. ಸಿಗುತ್ತದೆ, ಪಾರ್ಕಿಗೆ ಅದಕ್ಕಿಂತ ಯಾಕೆ ಬೇಕು?

ಕೊಳ್ಳುವಾಗಲೇ ನೋಡಬೇಕಾದ್ದು: ಚೈನ್‌ರಿಂಗ್ ಬೋಲ್ಟಿನದೋ, ರಿವೆಟ್ಟಿನದೋ? ರಿವೆಟ್ ಆಗಿದ್ದರೆ ಪೆಡಲ್ ಕೂರುವ ತೋಳನ್ನೇ, ಅಂದರೆ ಕ್ರ್ಯಾಂಕನ್ನೇ ಬದಲಿಸಬೇಕು. 130 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟಿದ್ದರೆ 46 ಹಲ್ಲಿನದು ಸುಲಭವಾಗಿ ಕೂರುತ್ತದೆ. ಹಲ್ಲು ಕಡಿಮೆಯಾದಾಗ ಚೈನ್ ಸಡಿಲವಾಗುತ್ತದೆ. ಒಂದು ಜೋಡಿ ಕೊಂಡಿ ತೆಗೆದರೆ ಸಾಕು.

ಹಿಂಜ್

ಸೈಕಲ್ ಮಡಚುವ ಕೀಲು ಇದು, ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಭಾಗ. ಅದನ್ನು ಬಿಗಿಯುವ ಲಿವರ್ ಅರ್ಧ ಮುಚ್ಚಿದಾಗ ಬಿಗಿ ಶುರುವಾಗಬೇಕು, ಅಂಗೈಯಿಂದ ಗಟ್ಟಿಯಾಗಿ ಒತ್ತಿದರೆ ಪೂರ್ತಿ ಮುಚ್ಚಬೇಕು. ಸಲೀಸಾಗಿ ಮುಚ್ಚಿಕೊಂಡರೆ ಸಡಿಲ ಎಂದರ್ಥ. ಮೈಭಾರ ಹಾಕಿ ಒತ್ತಬೇಕಾದರೆ ಅತಿ ಬಿಗಿ, ಲಿವರಿನ ಪಿನ್ ದಣಿದು ಮುರಿಯುತ್ತದೆ. ನಟ್ಟನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಗ್ರೀಸ್ ಹಿಂಜಿನ ಪಿನ್ನಿಗೆ ಮಾತ್ರ ಒಂದು ಚೂರು. ಕಚ್ಚುವ ಮುಖಗಳು ಒರೆಸಿ ಶುಭ್ರವಾಗಿರಲಿ, ಮರಳಿನ ಕಣ ಸಿಕ್ಕರೂ ಕಿರುಗುಟ್ಟುತ್ತದೆ.

ಅಲುಗಾಟ ಎಲ್ಲಿಂದ ಎಂದು ಹುಡುಕಲು ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆಮುಂದೆ ಅಲ್ಲಾಡಿಸಿ. ಬೆರಳನ್ನು ಮೊದಲು ಫ್ರೇಮಿನ ಹಿಂಜ್ ಸಂದಿಗೆ, ಆಮೇಲೆ ಹ್ಯಾಂಡಲ್ ಕಂಬದ ಹಿಂಜಿಗೆ, ಕೊನೆಗೆ ಹೆಡ್‌ಸೆಟ್‌ಗೆ (ಹ್ಯಾಂಡಲ್ ತಿರುಗುವ ಬೇರಿಂಗ್) ಇಡಿ. ಹೆಡ್‌ಸೆಟ್ ಸಡಿಲವಾಗಿದ್ದರೆ ಹಿಂಜ್ ಎಷ್ಟು ಬಿಗಿ ಮಾಡಿದರೂ ಉಪಯೋಗವಿಲ್ಲ. ಹೊಸ ಹಿಂಜ್ ಕೂತುಕೊಳ್ಳುವವರೆಗೆ ಪ್ರತಿ ಸವಾರಿಗೂ ಮುನ್ನ ಈ ಪರೀಕ್ಷೆ ಬೇಕು.

ಗಾಳಿ, ಸೀಟು

75 ಕೆ.ಜಿ. ಸವಾರನಿಗೆ ಹಿಂದೆ 50, ಮುಂದೆ 40 ಪಿಎಸ್‌ಐ ಗಾಳಿಯೊತ್ತಡ ಹದ. ಸೀಟ್‌ಪೋಸ್ಟ್‌ಗೆ ಗ್ರೀಸ್ ಬೇಡ, ಜಾರಿ ಇಳಿಯುತ್ತದೆ. ಎತ್ತರ ಗೊತ್ತಾದ ಮೇಲೆ ಒಂದು ಟೇಪ್ ಗುರುತು ಹಾಕಿ; ಆದರೆ ಕಂಬ ಕನಿಷ್ಠ ಎಷ್ಟು ಒಳಗಿರಬೇಕೆಂದು ತೋರಿಸುವ ಗೆರೆ ಹೊರಗೆ ಕಾಣಬಾರದು.

ಬಾಕಿ ಉಳಿದದ್ದು ಡಿರೇಲರಿನ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಗಾರ್ಡ್. ಮಡಚಿ ಬಲಕ್ಕೆ ಒರಗಿಸಿದರೆ ಭಾರವೆಲ್ಲ ಡಿರೇಲರ್ ಮೇಲೆ ಬಿದ್ದು ಅದನ್ನು ಹಿಡಿದಿರುವ ಹ್ಯಾಂಗರ್ ಬಾಗುತ್ತದೆ, ಹಗುರ ಗೇರಿಗೆ ಹಾಕಿದಾಗ ಡಿರೇಲರ್ ಸ್ಪೋಕಿಗೆ ಸಿಕ್ಕಿಕೊಳ್ಳುತ್ತದೆ. ಗಾರ್ಡ್ ಬರುವವರೆಗೆ ಮಡಚಿದ ಸೈಕಲ್ ಎಡಮಗ್ಗುಲಿಗೇ.